ಕುಂಕುಮ ಹಚ್ಚಿದ ಚೀಟಿ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ನೇಕಾರರ ಸಂಘವೊಂದರಲ್ಲಿ ಸಿಸ್ಟಂ ಮೇಲ್ವಿಚಾರಕನಾಗಿದ್ದೆ. ಮನೆ ಜಮಖಂಡಿ. ಮುಧೋಳ, ಮಹಾಲಿಂಗಪುರದ ಶಾಖೆಗಳೂ ನನ್ನ ಕೊರಳಿಗೇ ಬಿದ್ದಿದ್ದರಿಂದ ಬನಹಟ್ಟಿಯ ವಿನ್ಯಾಸ ಕೇಂದ್ರಕ್ಕೆ ವಾರಕ್ಕೊಮ್ಮೆಯಷ್ಟೇ ಹೋಗುತ್ತಿದ್ದೆ. ಅಲ್ಲಿ ಆರು ಕಂಪ್ಯೂಟರುಗಳು, ಆರರಲ್ಲೂ ವಿಂಡೋಸ್ ಬದಲು ಲಿನಕ್ಸ್ ಎಂಬ ತಂತ್ರಾಂಶ. ಸೀರೆಯ ಅಂಚು, ಸೆರಗುಗಳ ನಕ್ಷೆ ಬಿಡಿಸುತ್ತಿದ್ದವರು ಕಸ್ತೂರಿ. ಒಂಬತ್ತು ವರ್ಷಗಳ ಅವರ ಕೆಲಸವೆಲ್ಲ ಒಂದೇ ಯಂತ್ರದಲ್ಲಿತ್ತು.

ಲಿನಕ್ಸ್‌ನಲ್ಲಿ ಅಪ್‌ಡೇಟ್ ಹಾಕುವಾಗ ಯಂತ್ರ ಮೊದಲು ಕಳಿಸಿದವರ ಡಿಜಿಟಲ್ ಸಹಿಯನ್ನು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ, ಇದು ನಂಬಲರ್ಹ ಮೂಲದ್ದಲ್ಲ, ಮುಂದುವರಿಯಬೇಕೆ ಎಂದು ಕೇಳಿ ನಿಲ್ಲುತ್ತದೆ. ವೈ ಒತ್ತಿದರೆ ಹೌದು, ಎನ್ ಒತ್ತಿದರೆ ಬೇಡ.

ಒಂದು ಸೋಮವಾರ ಬೆಳಿಗ್ಗೆ ಕಸ್ತೂರಿಯವರ ಒಂದು ನಕ್ಷೆಯೂ ತೆರೆಯಲಿಲ್ಲ. ಕಡತಗಳ ಹೆಸರಿತ್ತು, ಒಳಗೆ ಬರೀ ಕಸ. ಯಂತ್ರಕ್ಕೆ ಸದಾ ಚುಚ್ಚಿಯೇ ಇಟ್ಟಿದ್ದ ಬ್ಯಾಕಪ್ ಡಿಸ್ಕಿನದೂ ಅದೇ ಗತಿ. ಹೊಸ ಪ್ರಿಂಟರ್ ಜೋಡಿಸಲು ಬಂದವನು ಯಾವುದೋ ವೆಬ್‌ಸೈಟನ್ನು ಅಪ್‌ಡೇಟ್ ಪಟ್ಟಿಗೆ ಸೇರಿಸಿ ಹೋಗಿದ್ದ. ಶನಿವಾರ ಅಲ್ಲಿಂದ ಅಪ್‌ಡೇಟಿನ ವೇಷದಲ್ಲಿ ವೈರಸ್ ಬಂದಾಗ ಯಂತ್ರ ಎಚ್ಚರಿಕೆ ಕೊಟ್ಟಿತ್ತು. ಕಸ್ತೂರಿ ವೈ ಒತ್ತಿದ್ದರು.

ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದರು. "ಆಕೀದ ತಪ್ಪು ಅಂತ ಬರದ್ ಕೊಡ್ರಿ ಸಾಹೇಬ್ರ. ಸಂಜೀಕ ಮನಿಗಿ ಕಳಿಸಿಬಿಡೂಣು."

ನಾಚಿಕೆಗೇಡು, ನಾನು ಒಪ್ಪಿದೆ. ಅದೇ ಯಂತ್ರದ ಮುಂದೆ ಕುಳಿತು ಅರ್ಧ ವರದಿ ಟೈಪ್ ಮಾಡಿಯೂ ಬಿಟ್ಟೆ. ಆಗ ಪರದೆಯ ಕೆಳಗಿನ ಚೀಟಿ ಕಣ್ಣಿಗೆ ಬಿತ್ತು: ‘ಎಚ್ಚರಿಕೆ ಬಂದರೆ ವೈ ಒತ್ತಿ.’ ಅಕ್ಷರ ನನ್ನದು.

ಕೆಲವು ವರ್ಷಗಳ ಹಿಂದೆ ಅಧಿಕೃತ ಮೂಲದ ಸಹಿಯದೇ ಅವಧಿ ಮುಗಿದು ಪದೇ ಪದೇ ಎಚ್ಚರಿಕೆ ಬರುತ್ತಿತ್ತು. ಹೊಸ ಸಹಿ ತಂದು ಹಾಕಲು ಅರ್ಧ ಗಂಟೆ ಸಾಕಿತ್ತು. ನನಗೆ ಬಸ್ಸಿನ ಹೊತ್ತಾಗಿತ್ತು, ಚೀಟಿ ಅಂಟಿಸಿ ಹೋದೆ. ಆಮೇಲೆ ಪ್ರತಿ ಖಂಡೇನವಮಿಯ ಆಯುಧಪೂಜೆಗೂ ಯಂತ್ರಗಳನ್ನು ಒರೆಸಿ ವಿಭೂತಿ, ಕುಂಕುಮ ಹಚ್ಚುವಾಗ ಆ ಚೀಟಿಗೂ ಒಂದು ಬೊಟ್ಟು ಬೀಳುತ್ತಿತ್ತು. ಪೂಜೆಯಾದ ಕಾಗದವನ್ನು ಕೀಳುವವರು ಯಾರು? ನಾನೂ ಎದುರಿಗೇ ನಿಂತು ಮಂಗಳಾರತಿ ತೆಗೆದುಕೊಂಡಿದ್ದೆ.

ಕಸ್ತೂರಿ ನನ್ನ ಹಿಂದೆಯೇ ನಿಂತಿದ್ದರು. "ಬ್ಯಾಡ ಅಂತ ಮಷೀನ್ ಹೇಳಿತ್ರಿ ಸರ್. ಒತ್ರಿ ಅಂತ ನೀವು ಬರದಿದ್ರಿ. ನಾ ನಿಮ್ಮ ಮಾತು ಕೇಳಿದ್ನಿ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಟೈಪ್ ಮಾಡಿದ್ದನ್ನೆಲ್ಲ ಅಳಿಸಿ, ನನ್ನ ಹೆಸರು ಹಾಕಿ ಹೊಸ ವರದಿ ಬರೆದು, ಚೀಟಿಯನ್ನೂ ಲಗತ್ತಿಸಿದೆ. ಮ್ಯಾನೇಜರು ಓದಿ, "ಇದೆಲ್ಲಾ ಯಾಕ್ ಬೇಕಿತ್ರಿ?" ಎಂದು ಮುಖ ಸಿಂಡರಿಸಿದರು. ನನಗೆ ಮೆಮೊ ಬಂತು. ಕಸ್ತೂರಿಯವರ ಕೆಲಸ ಉಳಿಯಿತು, ನಕ್ಷೆಗಳು ಉಳಿಯಲಿಲ್ಲ. ಹಳೆಯ ಗ್ರಾಫ್ ಹಾಳೆಗಳಲ್ಲಿ ಸಿಕ್ಕಷ್ಟನ್ನು ಮತ್ತೆ ಬಿಡಿಸತೊಡಗಿದರು.

ಅಂದಿನಿಂದ ನಾನು ಏನೇ ಹೇಳಿದರೂ ಅವರು ಕೀಲಿಮಣೆಯಿಂದ ಕೈ ಎತ್ತಿ ಹಿಡಿದು, "ಯಾಕ್ರಿ ಸರ್?" ಎಂದು ಮೊದಲು ಕೇಳುತ್ತಿದ್ದರು. ಉತ್ತರ ಸಿಗುವ ತನಕ ಕೀಲಿ ಒತ್ತುತ್ತಿರಲಿಲ್ಲ. ಆ ಒಂದು ಪ್ರಶ್ನೆ ಕೇಳದಂತೆ ಅವರಿಗೆ ಅಷ್ಟು ವರ್ಷ ರೂಢಿ ಮಾಡಿಸಿದವನು ನಾನೇ.