ನೂರೈವತ್ತು ಪೌಂಡಿನ ದಿನ

ಇಂಗ್ಲೆಂಡಿನ ಬಂದರು ಪಟ್ಟಣ ಮೇರಿಪೋರ್ಟಿನಲ್ಲಿ ಗಿಲಾವು ಮಾಡುವವರ ದಿನದ ದರ ಯಾವ ಕಾಗದದಲ್ಲೂ ಇಲ್ಲ. ಅದಕ್ಕೆ ಸಂಘವಿಲ್ಲ, ಸಭೆಯಿಲ್ಲ. ಏಪ್ರಿಲ್‌ನ ಮೊದಲ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಂದರಿನ ಬಳಿಯ ಹೋಟೆಲಿನಲ್ಲಿ ಗಾರೆಯವರು, ಬಡಗಿಗಳು, ಬಣ್ಣದವರು ಎಂದಿನಂತೆ ಬೇಕನ್ ರೋಲ್ ತಿನ್ನುತ್ತಿರುತ್ತಾರೆ. ಒಂದೊಂದು ಕಸುಬಿನ ಹಿರಿಯನೂ ಚಹಾ ಕಲಕುತ್ತ, ಈ ವರ್ಷ ತಾನು ಎಷ್ಟು ತೆಗೆದುಕೊಳ್ಳುತ್ತೇನೆಂದು ಹೇಳುತ್ತಾನೆ. ಯಾರೂ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ಮಾತು ರಗ್ಬಿಯ ಕಡೆ ಹೊರಳುತ್ತದೆ. ಸೋಮವಾರದಿಂದ ಎಲ್ಲರ ಬಾಯಲ್ಲೂ ಅದೇ ಅಂಕಿ.

ಗಿಲಾವಿನವರ ಪಾಲಿಗೆ ಹದಿನಾರು ವರ್ಷ ಆ ಅಂಕಿಯನ್ನು ಹೇಳಿದವನು ನಾರ್ಮನ್ ಪೆನ್‌ರೈಸ್. 2017ರ ಏಪ್ರಿಲ್‌ನಲ್ಲಿ ಅವನು ಹೇಳಿದ್ದು ನೂರೈವತ್ತು ಪೌಂಡು. ಆಗ ಅವನಿಗೆ ಅರವತ್ತೊಂದು ವಯಸ್ಸು. ಜೂನ್ ಹೊತ್ತಿಗೆ ಅವನೇ ನೂರು ಪೌಂಡಿಗೆ ಕೆಲಸ ಹಿಡಿಯುತ್ತಿದ್ದ.

ಕಾರಣ ಅವನ ಬಲ ಭುಜ. ಗಿಲಾವಿನ ಪುಡಿ ನೀರಿಗೆ ಬಿದ್ದ ಮೇಲೆ ಯಾರಿಗೂ ಕಾಯುವುದಿಲ್ಲ. ಒಂದೂವರೆ ಗಂಟೆಯೊಳಗೆ ಮೊದಲ ಪದರ ಬಳಿದು, ಎರಡನೆಯದನ್ನು ಎಳೆದು, ಕರಣೆಯಿಂದ ನಯ ಮಾಡಿ ಮುಗಿಸಬೇಕು. ಅರ್ಧ ಗೋಡೆ ಇವತ್ತು, ಅರ್ಧ ನಾಳೆ ಎಂದರೆ ನಡುವಿನ ಗೆರೆ ಆ ಮನೆ ಇರುವವರೆಗೂ ಕಾಣುತ್ತದೆ. ಬೆಳಿಗ್ಗೆ ಒಂದು ಚಾವಣಿ, ಮಧ್ಯಾಹ್ನ ಎರಡು ಗೋಡೆ ಎನ್ನುವುದು ಗಿಲಾವಿನವನ ಒಂದು ದಿನ. ಕಳೆದ ಕ್ರಿಸ್ಮಸ್‌ನಿಂದ ನಾರ್ಮನ್ ಚಾವಣಿ ಮುಗಿಸಿದರೆ ಮಧ್ಯಾಹ್ನ ಅವನ ಕೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ. ಎರಡು ದಿನದ ಕೆಲಸಕ್ಕೆ ಮೂರು ದಿನ ಹಿಡಿಯತೊಡಗಿತು. ಶಸ್ತ್ರಚಿಕಿತ್ಸೆ ಮಾಡಿಸಿ ಆರು ತಿಂಗಳು ಸುಮ್ಮನಿರಬೇಕೆಂದು ವೈದ್ಯರು ಹೇಳಿದ್ದನ್ನು ಅವನು ಹೆಂಡತಿ ಪಾಲೀನ್‌ಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಪಿಂಚಣಿಗೆ ಇನ್ನೂ ಐದು ವರ್ಷವಿತ್ತು. ಅಲ್ಲಿಯವರೆಗೆ ಯಾರಿಗೂ ಮೋಸ ಮಾಡದೆ, ಯಾರ ಕನಿಕರಕ್ಕೂ ಸಿಗದೆ ಕರಣೆ ಹಿಡಿದಿರಬೇಕೆಂಬುದಷ್ಟೇ ಅವನ ಆಸೆ.

ಮೂರು ದಿನ ತೆಗೆದುಕೊಂಡು ದಿನಕ್ಕೆ ನೂರೈವತ್ತರಂತೆ ವಸೂಲು ಮಾಡುವುದು ಅವನ ಕಣ್ಣಿಗೆ ಕಳ್ಳತನ. ಇಡೀ ಕೆಲಸಕ್ಕೆ ಒಂದೇ ಮೊತ್ತ ಹೇಳಿ ಗುತ್ತಿಗೆ ಹಿಡಿಯಬಹುದಿತ್ತು. ಆದರೆ ಯೌವನದಲ್ಲಿ ಸರ್ಕಾರಿ ಮನೆಗಳ ಗೋಡೆಗೆ ಗಜದ ಲೆಕ್ಕದಲ್ಲಿ ಗಿಲಾವು ಬಳಿದು, ಓಡುವವನ ಕೈಯಲ್ಲಿ ಗೋಡೆ ಹೇಗೆ ಕೆಡುತ್ತದೆಂದು ಅವನು ನೋಡಿದ್ದ. ಭುಜ ಸವೆದದ್ದೂ ಆ ವರ್ಷಗಳಲ್ಲೇ. ಅಂದಿನಿಂದ ಅವನು ದಿನದ ದರ ಬಿಟ್ಟು ಬೇರೆ ಮಾತಾಡಿದವನಲ್ಲ. ಹಾಗಾಗಿ ದರವನ್ನೇ ಇಳಿಸಿದ. ನೂರರಂತೆ ಮೂರು ದಿನ, ನೂರೈವತ್ತರಂತೆ ಎರಡು ದಿನ, ಎರಡೂ ಮುನ್ನೂರು. ಮನೆಯವರಿಗೆ ಒಂದು ಪೆನ್ನಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಭುಜದ ಸುದ್ದಿ ಹೇಳುವ ಅಗತ್ಯವೂ ಇಲ್ಲ. ಪಾಲೀನ್ ಮಾತ್ರ, ಊರಿನವರು ದಿನಗಳನ್ನು ಎಣಿಸುವುದಿಲ್ಲ, ದರವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ ಎಂದು ಒಮ್ಮೆ ಹೇಳಿದಳು.

ಆಕೆ ಹೇಳಿದಂತೆಯೇ ಆಯಿತು. ಹಿಲರಿ ರೌಟ್‌ಲೆಜ್ ಎಂಬ ನಿವೃತ್ತ ಗ್ರಂಥಪಾಲಕಿಯ ಮನೆಯಲ್ಲಿ ಎರಡು ಕೋಣೆ ಮತ್ತು ಮೆಟ್ಟಿಲ ಗೋಡೆಯ ಕೆಲಸವಿತ್ತು. ಮೊದಲು ನೋಡಿ ಹೋದವನು ಕ್ರೇಗ್ ಫಿಯರನ್, ಮೂವತ್ತಮೂರು ವರ್ಷದವನು, ನಾರ್ಮನ್‌ನ ಕೈಕೆಳಗೆ ನಾಲ್ಕು ವರ್ಷ ಕಸುಬು ಕಲಿತವನು. ನಾಲ್ಕು ದಿನ, ದಿನಕ್ಕೆ ನೂರೈವತ್ತು ಎಂದಿದ್ದ. ಆಮೇಲೆ ಬಂದ ನಾರ್ಮನ್ ದಿನಕ್ಕೆ ನೂರು ಎಂದ. ಎಷ್ಟು ದಿನವೆಂದು ಆಕೆ ಕೇಳಲಿಲ್ಲ, ಅವನು ಹೇಳಲಿಲ್ಲ. ಅವನ ಮನಸ್ಸಿನಲ್ಲಿ ಆರು ದಿನವಿತ್ತು. ಕಲಿಸಿದ ಗುರುವೇ ನೂರಕ್ಕೆ ಬರುವಾಗ ನೀನು ಐವತ್ತು ಜಾಸ್ತಿ ಕೇಳುವುದು ಯಾವ ನ್ಯಾಯ ಎಂದು ಆಕೆ ಕ್ರೇಗ್‌ಗೆ ಫೋನಿನಲ್ಲಿ ಕೇಳಿದರು. ಅದೇ ವಾರ ಇನ್ನೂ ಇಬ್ಬರು ಅದನ್ನೇ ಕೇಳಿದರು.

ಕ್ರೇಗ್‌ನ ನೂರೈವತ್ತರಲ್ಲಿ ವ್ಯಾನಿನ ಸಾಲದ ಕಂತು, ವಿಮೆ, ತೆರಿಗೆ, ಪೆಟ್ರೋಲು ಎಲ್ಲ ಸೇರಿತ್ತು. ಕೂಲಿಯಿಲ್ಲದೆ ಮನೆ ಮನೆ ನೋಡಿ ಬರುವ ಸಂಜೆಗಳು, ಎರಡು ಕೆಲಸಗಳ ನಡುವೆ ಖಾಲಿ ಕೂರುವ ದಿನಗಳು, ಜ್ವರದಲ್ಲಿ ಮಲಗಿದ ದಿನಗಳು ಕೂಡ ಅದರೊಳಗೇ. ಮನೆಗೆ ಮುಟ್ಟುವುದು ಎಂಬತ್ತು ಚಿಲ್ಲರೆ. ನಾರ್ಮನ್‌ನ ಮನೆ ಸಾಲ ಎಂದೋ ತೀರಿತ್ತು, ವ್ಯಾನೂ ಅವನದೇ. ನೂರರಲ್ಲಿ ಅವನು ಬದುಕಬಲ್ಲ, ಕ್ರೇಗ್‌ಗೆ ಆಗುವುದಿಲ್ಲ.

ಬುಧವಾರ ಮಧ್ಯಾಹ್ನ ಸೆನ್‌ಹೌಸ್ ಬೀದಿಯ ಮನೆಯೊಂದರಲ್ಲಿ ನಾರ್ಮನ್ ಗೋಡೆ ಮುಗಿಸುತ್ತಿದ್ದಾಗ ಕ್ರೇಗ್ ಒಳಗೆ ಬಂದ. ಗಿಲಾವು ಗಟ್ಟಿಯಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಆ ಹೊತ್ತಿನಲ್ಲಿ ಗಿಲಾವಿನವನನ್ನು ಮಾತಾಡಿಸಬಾರದೆಂದು ಅವನಿಗೆ ಕಲಿಸಿದವನೇ ನಾರ್ಮನ್.

"ಮಿಸ್ಟರ್ ಪೆನ್‌ರೈಸ್ ಅವರಿಗೆ ಪುರುಸೊತ್ತಾದಾಗ ಹೇಳಿ, ಕಾಯ್ತೀನಿ," ಎಂದು ಕೊಂಕು ಮರ್ಯಾದೆಯಲ್ಲಿ ಹೇಳಿ ಬಾಗಿಲಿಗೆ ಒರಗಿ ನಿಂತ.

ನಾರ್ಮನ್ ತಿರುಗಲಿಲ್ಲ. ಕೆಳಗಿನ ಭಾಗ ಅವನ ಕೈಯಲ್ಲಿ ಎಂದಿನಂತೆ ಗಾಜಿನಷ್ಟು ನಯವಾಗುತ್ತ ಬಂತು. ಮೇಲಿನ ಅಂಚಿಗೆ ಬಂದಾಗ ಅವನು ಬಲ ಮೊಣಕೈಯನ್ನು ಎಡಗೈಯಿಂದ ಎತ್ತಿ ಹಿಡಿದು ಕರಣೆ ಎಳೆಯತೊಡಗಿದ. ಮೂರನೇ ಎಳೆತಕ್ಕೆ ಕರಣೆ ವಾಲಿ ಹಸಿ ಗೋಡೆಯಲ್ಲಿ ಗೀರು ಬಿತ್ತು. ಕ್ರೇಗ್ ಎರಡು ಹೆಜ್ಜೆಯಲ್ಲಿ ಬಂದು "ಕೊಡಿಲ್ಲಿ" ಎಂದ. ನಾರ್ಮನ್ ಕೊಟ್ಟ. ಹಾಕಿದ್ದ ಒಳ್ಳೆಯ ಅಂಗಿಯಲ್ಲೇ ಕ್ರೇಗ್ ಗೀರು ಮುಚ್ಚಿದ, ಮೇಲಿನ ಅಂಚನ್ನು ಮುಗಿಸಿದ, ಕರಣೆ ತೊಳೆದಿಟ್ಟ.

ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಎದುರುಬದುರು ಕೂತರು.

"ಎಷ್ಟು ದಿನದಿಂದ ಹೀಗಿದೆ?"

"ಕ್ರಿಸ್ಮಸ್‌ನಿಂದ."

"ಅದಕ್ಕೇನಾ ನೂರು?"

ನಾರ್ಮನ್ ತನ್ನ ಲೆಕ್ಕವನ್ನು ಹೇಳಿದ. ಎರಡು ದಿನ, ಮೂರು ದಿನ, ಮುನ್ನೂರು. ಯಾರ ಕೆಲಸವನ್ನೂ ತಾನು ಕಿತ್ತುಕೊಂಡಿಲ್ಲ ಎಂದ.

"ಆ ಲೆಕ್ಕ ನಿನ್ನ ತಲೇಲಿದೆ ಮಾರಾಯ. ಊರಿನ ಕಿವಿಗೆ ಬಿದ್ದಿರೋದು ನೂರು ಅನ್ನೋದೊಂದೇ. ಬೆಲೆ ಕಟ್ಟಿರೋದು ನಿನ್ನ ಭುಜಕ್ಕೆ ಅಂದ್ಕೊಂಡಿದೀಯ ನೀನು. ಕಟ್ಟಿರೋದು ನನ್ನ ದಿನಕ್ಕೆ." ಮತ್ತೆ ಸೇರಿಸಿದ: "ಎಡ್ಗರ್ ಮೆಸೆಂಜರ್ ಕಥೆ ನನಗೆ ಹೇಳಿದ್ದು ಯಾರು? ನೀನೇ ತಾನೇ?"

ಎಡ್ಗರ್ ಮೆಸೆಂಜರ್ ಅದೇ ಊರಿನ ಗಿಲಾವಿನವನು. 1992ರಲ್ಲಿ, ಕೆಲಸವಿಲ್ಲದ ವರ್ಷ, ಎಲ್ಲರೂ ಐವತ್ತು ಕೇಳುವಾಗ ಅವನು ಮೂವತ್ತೈದಕ್ಕೆ ಹೋಗಿದ್ದ. ಬಂದರಿನ ಹೋಟೆಲಿನಲ್ಲಿ ನಾರ್ಮನ್ ಅವನ ಮೇಜಿನಿಂದ ತನ್ನ ತಟ್ಟೆ ಎತ್ತಿಕೊಂಡು ಬೇರೆ ಕಡೆ ಕೂತ. ಉಳಿದವರೂ ಎದ್ದರು. ಒಂಬತ್ತು ವರ್ಷ, ಎಡ್ಗರ್ ಸಾಯುವವರೆಗೂ, ನಾರ್ಮನ್ ಅವನೊಡನೆ ಮಾತಾಡಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಎಡ್ಗರ್‌ಗೆ ಏನು ಕಷ್ಟವಿತ್ತೆಂದು ಆಗ ಯಾರೂ ಕೇಳಿರಲಿಲ್ಲ.

ನಾರ್ಮನ್ ಅಂಗೈಗೆ ಅಂಟಿದ್ದ ಗಿಲಾವನ್ನು ಉಜ್ಜಿ ತೆಗೆದ. "ಏನ್ ಮಾಡ್ಲಿ ಹೇಳು," ಎಂದ.

"ನೂರೈವತ್ತು ಅಂತಾನೇ ಹೇಳು. ಮೂರು ದಿನ ತಗೋ, ಎರಡು ದಿನದ್ದು ಇಸ್ಕೋ. ದುಡ್ಡೇನೂ ಕಮ್ಮಿ ಆಗಲ್ಲ."

"ಯಾಕೆ ಅಂತ ಕೇಳ್ತಾರೆ."

"ಕೇಳ್ತಾರೆ. ಹೇಳು."

ಕ್ರೇಗ್ ಹೋದ ಮೇಲೆ ನಾರ್ಮನ್ ಬೇಗ ಕೆಲಸ ನಿಲ್ಲಿಸಿ ಮನೆಗೆ ಬಂದ. ದುಡ್ಡಿನ ಮಟ್ಟಿಗೆ ಎರಡೂ ಒಂದೇ, ಬದಲಾಗುವುದು ತಾನು ಆಡಬೇಕಾದ ಮಾತು ಮಾತ್ರ ಎಂದು ಅವನು ಪಾಲೀನ್‌ಗೆ ಹೇಳಿದ. ಹಾಗಾದರೆ ಇಷ್ಟು ದಿನ ಇಳಿಸಿದ್ದು ಜನರ ಅನುಕೂಲಕ್ಕೋ ಆ ಮಾತು ತಪ್ಪಿಸಿಕೊಳ್ಳುವುದಕ್ಕೋ ಎಂದು ಆಕೆ ಕೇಳಿದಳು.

ಶನಿವಾರ ಅವನು ಕ್ಷೌರ ಮಾಡಿಕೊಂಡು, ಕೋಟು ಹಾಕಿಕೊಂಡು ಹೊರಟ. ನೂರರ ದರಕ್ಕೆ ಒಪ್ಪಿಕೊಂಡು ಇನ್ನೂ ಶುರುಮಾಡದ ಮನೆಗಳು ನಾಲ್ಕಿದ್ದವು. ಮೊದಲನೆಯದು ಹಿಲರಿ ರೌಟ್‌ಲೆಜ್ ಅವರದು. ನಿಂತುಕೊಂಡೇ ಹೇಳಿದ: ನನ್ನ ದರ ನೂರೈವತ್ತು, ಕ್ರೇಗ್‌ನದೂ ಅಷ್ಟೇ. ನಾಲ್ಕು ದಿನದ ಕೆಲಸ ಇದು. ಭುಜ ಕೆಟ್ಟಿರುವುದರಿಂದ ನನಗೆ ಆರು ದಿನ ಬೇಕು. ನೀವು ನಾಲ್ಕು ದಿನದ್ದು ಕೊಟ್ಟರೆ ಸಾಕು. ಮದುವೆಯಾದ ಮೇಲೆ ಅಷ್ಟು ಉದ್ದದ ಮಾತನ್ನು ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲೆಂದು ಅವನು ಆಮೇಲೆ ಹೇಳುತ್ತಿದ್ದ.

ಆಕೆ ಕೆಟ್ಟ ಹೆಂಗಸಲ್ಲ. ಕೂರಲು ಹೇಳಿದರು, ಚಹಾ ಕೊಟ್ಟರು, ಭುಜದ ಬಗ್ಗೆ ವಿಚಾರಿಸಿದರು. ಆಮೇಲೆ ಕೇಳಿದರು: "ದುಡ್ಡು ಅಷ್ಟೇ ಆದರೆ ಎರಡು ದಿನ ಜಾಸ್ತಿ ನಾನ್ಯಾಕೆ ಧೂಳಲ್ಲಿರಲಿ ಮಿಸ್ಟರ್ ಪೆನ್‌ರೈಸ್? ತಪ್ಪು ತಿಳ್ಕೋಬೇಡಿ."

"ಇಲ್ಲ. ನೀವು ಹೇಳೋದು ಸರಿ," ಎಂದ ನಾರ್ಮನ್. "ಕ್ರೇಗ್‌ಗೆ ಫೋನ್ ಮಾಡಿ. ಅವನು ಚಾವಣಿ ಚೆನ್ನಾಗಿ ಮಾಡ್ತಾನೆ."

ಎರಡನೇ ಮನೆಯವರು ಯೋಚಿಸಿ ಹೇಳುತ್ತೇವೆಂದರು, ಮತ್ತೆ ಕರೆಯಲಿಲ್ಲ. ಮೂರನೆಯವರು, ನೀವು ನೂರು ಎಂದಿದ್ದಿರಿ, ದಿನ ಹೆಚ್ಚು ಹಿಡಿಯುತ್ತದೆಂದು ಆಗ ಯಾಕೆ ಹೇಳಲಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ತಪ್ಪಾಯಿತು ಎಂದು ಮೆಟ್ಟಿಲಿಳಿದ.

ನಾಲ್ಕನೇ ಮನೆ ಗುಡ್ಡದ ಮೇಲಿತ್ತು. ಬಸ್ ಡ್ರೈವರ್ ಆಗಿದ್ದ ಟಿನ್ಯನ್ ಎಂಬವರದು. ಒಂದು ಕೋಣೆಯ ಗೋಡೆಗಳು ಮಾತ್ರ, ಚಾವಣಿ ಇಲ್ಲ. ನಾರ್ಮನ್ ಹೇಳುವುದನ್ನು ಅವರು ಪೂರ್ತಿ ಕೇಳಿದರು.

"ಅಂದ್ರೆ ಎರಡು ದಿನದ್ದು ನಿನಗೆ ಮೂರು ದಿನ ಹಿಡಿಯುತ್ತೆ."

"ಹೂಂ."

"ಮೂರನೇ ದಿನಕ್ಕೆ?"

"ಅದು ನನ್ನ ಲೆಕ್ಕಕ್ಕೆ. ನೀವು ಕೊಡೋ ಹಾಗಿಲ್ಲ."

ಟಿನ್ಯನ್ ಒಳಗೆ ಕರೆದುಕೊಂಡು ಹೋಗಿ ಕೋಣೆ ತೋರಿಸಿದರು. ಅಂಟಿಸಿದ್ದ ವಾಲ್‌ಪೇಪರ್ ಕಿತ್ತ ಹಳೆಯ ಗೋಡೆಯನ್ನು ನಾರ್ಮನ್ ಎಡಗೈ ಬೆರಳಿನಿಂದ ತಟ್ಟುತ್ತ, ಟೊಳ್ಳು ಸದ್ದು ಬಂದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಸುತ್ತು ಬಂದ. ಅಲ್ಲಲ್ಲಿ ಕಿತ್ತು ಮತ್ತೆ ತುಂಬಬೇಕಿತ್ತು, ಹೇಳಿದ್ದಕ್ಕಿಂತ ಕೆಲಸ ಹೆಚ್ಚಿತ್ತು. ಆರೋಗ್ಯವಾಗಿರುವವನಿಗೂ ಎರಡೂವರೆ ದಿನ ಬೇಕು, ಅಷ್ಟಕ್ಕೆ ಮುನ್ನೂರ ಎಪ್ಪತ್ತೈದಾಗುತ್ತದೆ ಎಂದು ಅವನು ದನಿ ತಗ್ಗಿಸದೆ ಹೇಳಿದ. ಟಿನ್ಯನ್ ಗೋಡೆಯ ಗುರುತುಗಳನ್ನು ಎಣಿಸಿ, ಸೋಮವಾರ ಎಂಟಕ್ಕೆ ಬಾ ಎಂದರು.