ಬರಾಕತ್ತೀನಿ

ಲಿಂಗಸುಗೂರು ಕಡೆಯ ಸಾಬಮ್ಮ ಬೆಂಗಳೂರಿನ ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ಕುಕ್ ಟೌನಿಗೆ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ತಡವಾದರೆ ಫೋನ್ ಮಾಡುವಂತಿಲ್ಲ. ಮನೆಯಾಕೆ ಮೋನಿಷಾ ಬೆಳಿಗ್ಗೆಯಿಂದಲೇ ಮೀಟಿಂಗಿನಲ್ಲಿರುತ್ತಾಳೆ, ಮೆಸೇಜೇ ಹಾಕಬೇಕು. ಸಾಬಮ್ಮನಿಗೆ ಓದಲು ಬರುತ್ತದೆ, ಆದರೆ ಸಣ್ಣ ಅಕ್ಷರ ಹುಡುಕಿ ಒತ್ತುವುದೊಂದು ಆಗದು. ಅದಕ್ಕೇ ಮಗಳು ಶಾಂಭವಿ, ಮಾತಾಡಿದ್ದನ್ನು ಬರೆದುಕೊಳ್ಳುವ ಆ್ಯಪ್ ಹಾಕಿ, ಮೈಕ್ ಇರುವ ಇಯರ್‌ಫೋನನ್ನೂ ತಂದುಕೊಟ್ಟಿದ್ದಳು. ಬಹಳ ಉಪಯೋಗಕ್ಕೆ ಬರುತ್ತದಂತೆ!

ಇವತ್ತು ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇಬಿಟ್ಟಿತು. ಸಾಬಮ್ಮ ಮೈಕಿಗೆ ಹೇಳಿದಳು: "ಅಕ್ಕಾರ, ಬರಾಕತ್ತೀನಿ."

ಆ್ಯಪ್ ಬರೆದದ್ದು, "ಅಕ್ಕರ ಬರ ಕತ್ತಿ ನೀ." ಓದಿ ನೋಡದೆ ಕಳಿಸಿಬಿಟ್ಟಳು.

"ಕತ್ತಿ ಯಾಕೆ ಸಾಬಮ್ಮ? ಏನಾಯ್ತು?" ಮೋನಿಷಾಳ ಉತ್ತರ ತಕ್ಷಣ ಬಂತು.

ಸಾಬಮ್ಮ ಗಾಬರಿಯಾಗಿ ಮಗಳಿಗೆ ಫೋನ್ ಮಾಡಿದಳು.

"ಬರ್ತಾ ಇದೀನಿ ಅನ್ನಬೇ. ಅದಕ್ಕ ಬೆಂಗಳೂರು ಮಾತಷ್ಟ ತಿಳೀತದ."

ಸಾಬಮ್ಮನ ಪಿತ್ತ ನೆತ್ತಿಗೇರಿತು. "ಅದಕ್ಕ ಕನ್ನಡ ಬರದಿದ್ರ ಅದು ಕಲೀಲಿ. ನಾ ಯಾಕ ಮಾತು ಬದಲಿಸ್ಲಿ?"

ಮತ್ತೆ ಮೈಕ್ ಒತ್ತಿ, ಬಿಡಿಸಿ ಬಿಡಿಸಿ ಹೇಳಿದಳು. ಮತ್ತದೇ ಕತ್ತಿ. ಅಳಿಸಿ ಇನ್ನೊಮ್ಮೆ ಹೇಳಿದಳು. ಮತ್ತೂ ಕತ್ತಿ. ಅದನ್ನೂ ಅಳಿಸಿ, "ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಫೋನಿಗೇ ಬೈದು, ಸಿಟ್ಟಿನಲ್ಲಿ ಅದರ ಮೇಲೆ ಬೆರಳಿಂದ ಕುಟ್ಟಿದಳು. ಮೈಕ್ ಇನ್ನೂ ಆನ್ ಇತ್ತು. ಮೆಸೇಜು ಹೊರಟೇಹೋಯಿತು.

ಈ ಸಲ ಒಂದಕ್ಷರವೂ ತಪ್ಪಿರಲಿಲ್ಲ.