ಭಾನುವಾರ ನೋಡದ ಬಯಲು

ನಾನು ಓದಿದ್ದು ಮಠದ ಬೋರ್ಡಿಂಗಿನಲ್ಲಿ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಊಟ, ಗಂಟೆ ಬಾರಿಸಿದರೆ ದೀಪ ಆರಿಸಬೇಕು. ಆ ಶಿಸ್ತು ನನಗೆ ಒಳ್ಳೆಯದನ್ನೇ ಮಾಡಿತೆಂದು ಬಹಳ ವರ್ಷ ನಂಬಿದ್ದೆ. ಈಗಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಆದರೆ ಅದೇ ಶಿಸ್ತಿನಿಂದ ಒಂದು ಊರಿಗೆ ಮಾಡಿದ ತಪ್ಪನ್ನು ಬರೆದಿಡದೆ ಹೋಗುವುದು ಸರಿಯಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಗುಲಬರ್ಗಾದಲ್ಲಿ ನಗರ ಯೋಜನೆಯ ಕೆಲಸಕ್ಕೆ ನಾನು ಸರ್ವೆಯರ್. ಆಳಂದ, ಅಫಜಲಪುರ, ಜೇವರ್ಗಿ ಊರುಗಳು ಮುಂದಿನ ಇಪ್ಪತ್ತು ವರ್ಷ ಯಾವ ದಿಕ್ಕಿಗೆ ಹೇಗೆ ಬೆಳೆಯಬೇಕು ಎಂಬ ನಕ್ಷೆಗಳನ್ನು ಒಟ್ಟಿಗೇ ಮಾಡಬೇಕಿತ್ತು. ಏರ್ಪಾಟು ಸರಳ. ಸರ್ಕಾರದವರು ಅಳೆದು ನಕ್ಷೆ ಬರೆಯಬೇಕು. ಪುರಸಭೆಯವರು ತಮ್ಮ ಊರಿನ ವಿಷಯ ತಿಳಿಸಿ, ನಕ್ಷೆಯನ್ನು ಸಭೆಯಲ್ಲಿ ಒಪ್ಪಿ ಠರಾವು ಮಾಡಬೇಕು. ಠರಾವು ಆದರೆ ರಸ್ತೆ, ಚರಂಡಿ, ನೀರಿನ ಟಾಕಿ. ಇದು ಇಬ್ಬರೂ ಕೂಡಿ ಮಾಡುವ ಕೆಲಸ ಎಂದು ಮೊದಲ ಸಭೆಯಲ್ಲಿ ಓದಿ ಹೇಳಿದವನು ನಾನೇ.

ವಾರವನ್ನು ಮೂರು ಪಾಲು ಮಾಡಿಕೊಂಡೆ. ಸೋಮವಾರ, ಮಂಗಳವಾರ ಆಳಂದ. ಮುಂದಿನ ಎರಡು ದಿನ ಅಫಜಲಪುರ. ಶುಕ್ರವಾರ, ಶನಿವಾರ ಜೇವರ್ಗಿ. ಭಾನುವಾರ ಗುಲಬರ್ಗಾದ ಕೋಣೆಯಲ್ಲಿ ಬಟ್ಟೆ ಒಗೆಯುವುದು, ಬೂಟಿಗೆ ಪಾಲಿಶ್, ತಾಯಿಗೆ ಕಾಗದ. ಮಳೆ ಬರಲಿ, ಬಸ್ಸು ಕೆಡಲಿ, ಈ ಕ್ರಮವನ್ನು ನಾನು ಒಮ್ಮೆಯೂ ಮುರಿಯಲಿಲ್ಲ. ಮೇಲಿನವರು ಅದಕ್ಕಾಗಿ ನನ್ನನ್ನು ಹೊಗಳಿದ್ದೂ ಉಂಟು.

ಈ ಮೂರರಲ್ಲಿ ಒಂದು ಊರಿನ ಅಂಚಿಗೆ ದೊಡ್ಡ ಬಯಲಿತ್ತು. ಯಾವ ಊರೆಂದು ಬರೆಯುವುದಿಲ್ಲ, ಅಲ್ಲಿಯವರಿಗೆ ತಿಳಿಯುತ್ತದೆ. ನಾನು ಹೋದಾಗಲೆಲ್ಲ ಅಲ್ಲಿದ್ದದ್ದು ಕರಿಮಣ್ಣು, ಒಂದು ಬೇವಿನ ಮರ, ಒಣಗಿದ ಸಗಣಿ. ನೆಲದಲ್ಲಿ ಸಾಲುಸಾಲಾಗಿ ಗೂಟದ ತೂತುಗಳಿದ್ದವು. ಅಳತೆಯ ಸರಪಳಿ ಎಳೆಯುವಾಗ ಗುರುತಿನ ಕಡ್ಡಿ ನೆಡಲು ಅವು ಬಹಳ ಅನುಕೂಲವಾದವು. ಆ ತೂತು ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ಕಂದಾಯದ ಕಾಗದದಲ್ಲಿ ಅದು ಗೈರಾಣ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಮೀನು. ಅಳತೆಯ ಪುಸ್ತಕದಲ್ಲಿ ‘ಖಾಲಿ’ ಎಂದು ಬರೆದೆ.

ಆ ಪುರಸಭೆಯಲ್ಲಿ ಹಿರಿಯ ಸದಸ್ಯರೊಬ್ಬರಿದ್ದರು. ಹಗ್ಗ, ಮೂಗುದಾರ, ಎತ್ತಿನ ಕೊರಳಿನ ಗೆಜ್ಜೆ ಮಾರುವವರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು; ನಾನೂ ಹಾಗೇ ಕರೆಯುತ್ತಿದ್ದೆ. ಕರಡು ನಕ್ಷೆಯನ್ನು ಮೇಜಿನ ಮೇಲೆ ಹಾಸಿದ ದಿನ ಅವರು ಬೆರಳಿಟ್ಟದ್ದು ನೇರ ಆ ಬಯಲಿನ ಮೇಲೆ. ಅಲ್ಲಿ ನಾನು ಕೆಂಪು ಬಣ್ಣ ತುಂಬಿದ್ದೆ.

“ಇದೇನ್ರಿ ಸಾಹೇಬ್ರ, ಕೆಂಪಗ?”

“ಸರ್ಕಾರಿ ಕಚೇರಿ, ಕ್ವಾರ್ಟರ್ಸ್ ಬರ್ತಾವ, ಚಾಚಾ. ಖಾಲಿ ಜಾಗ ಅದು.”

“ಖಾಲಿ ಅಂದವ್ರು ಯಾರ್ರಿ?”

“ನಾನೇ ಅಳದೀನಿ. ನಾಕು ಸಲ ಹೋಗೀನಿ.”

“ಐತವಾರ ಹೋಗಿದ್ರೇನು?”

“ಐತವಾರ ರಜಾ.”

“ರಜಾ ನಿಮಗದರಿ, ಎತ್ತಿಗಿಲ್ಲ.” ಸುತ್ತ ಇದ್ದವರು ನಕ್ಕರು. “ಮದುವಿ ಮುಗದ ಮೂರನೇ ದಿನ ಹಂದರ ನೋಡಿ, ಇಲ್ಲಿ ಯಾರೂ ಉಂಡಿಲ್ಲ ಅಂದಂಗಾತು ನಿಮ್ಮ ಅಳತಿ. ಒಂದ್ ಐತವಾರ ಬರ್ರಿ, ದನದ ಸಂತಿ ನೋಡ್ರಿ. ಕಾಲಿಡಾಕ ಜಾಗ ಸಿಕ್ಕರ ನನ್ನ ಮೀಸಿ ಬೋಳಸ್ಕೋತೇನಿ.”

ಸಂತೆ ಕೂಡುತ್ತದೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ತಿಳಿದ ಮೇಲೂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಹೀಗೆ: ವಾರದಲ್ಲಿ ಆರು ದಿನ ಖಾಲಿ ಇರುವುದು ಖಾಲಿಯೇ. ಬಾಯಲ್ಲಿ ಮಾತ್ರ, “ಅವಧಿಯೊಳಗ ತಕರಾರು ಅರ್ಜಿ ಕೊಡ್ರಿ, ಚಾಚಾ,” ಎಂದೆ.

ಅವಧಿಯ ಕೊನೆಯ ದಿನ ಅವರು ಬಸ್ಸು ಹಿಡಿದು ಗುಲಬರ್ಗಾಕ್ಕೆ ಬಂದರು. ಹೆಗಲ ಮೇಲೆ ಸಣ್ಣ ಹುರಿಯ ದೊಡ್ಡ ಸುರುಳಿ. ಅದನ್ನು ನನ್ನ ಮೇಜಿನ ಮೇಲೆ ಇಟ್ಟು, “ತಕರಾರು ತಂದೀನ್ರಿ,” ಎಂದರು.

ಸಂತೆಯ ದಿನ ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹುರಿ ಎಳೆದು, ಯಾರು ಎಲ್ಲಿ ಕೂಡುತ್ತಾರೋ ಅಲ್ಲಲ್ಲಿ ಗಂಟು ಹಾಕಿದ್ದರು. ಸುರುಳಿ ಬಿಚ್ಚುತ್ತ ತೋರಿಸಿದರು. “ಈ ದಪ್ಪ ಗಂಟು ಎತ್ತಿನ ಸಾಲು. ಇಲ್ಲಿಂದ ಆಕಳ. ಇದು ಆಡು, ಇದು ಗಡಿಗಿ ಮಾರವ್ರು. ಕೆಂಪ ಅರಬಿ ಕಟ್ಟೀನಲ್ಲ, ಅದು ನನ್ನ ಜಾಗ. ಬೇವಿನ ಗಿಡದ ಬುಡಕ್ಕ. ನಮ್ಮಪ್ಪನೂ ಅಲ್ಲೇ ಕುಂತಿದ್ದ.”

“ಹಗ್ಗ ಫೈಲಿಗೆ ಹಾಕಾಕ ಬರಂಗಿಲ್ಲ, ಚಾಚಾ. ಅರ್ಜಿ ಬೇಕು.”

“ಅರ್ಜಿ ಯಾರರೆ ಬರೀತಾರ್ರಿ, ಸುಳ್ಳೂ ಬರೀತಾರ. ಇದು ಅಳತಿ.”

ಗೋಡೆಯ ಗಡಿಯಾರ ನೋಡಿದೆ. ಐದಾಗಲು ಸ್ವಲ್ಪವೇ ಉಳಿದಿತ್ತು. ಐದಕ್ಕೆ ನಾನು ಡ್ರಾಯರಿಗೆ ಬೀಗ ಹಾಕುವವನು. ಮಾತು ಮುಗಿಸುವ ಆತುರಕ್ಕೆ ಹೇಳಿದೆ: ಈಗ ತಕರಾರು ಬಂದರೆ ನಕ್ಷೆ ತಡವಾಗುತ್ತದೆ, ನಿಮ್ಮೂರಿನ ನೀರಿನ ಟಾಕಿ ಬೇರೆ ಊರಿಗೆ ಹೋಗುತ್ತದೆ. ಸದ್ಯ ಠರಾವು ಮಾಡಿಕೊಡಿ. ಕಟ್ಟಡ ಏಳುವ ಮೊದಲು ನಕ್ಷೆಯ ಪರಿಷ್ಕರಣೆ ಇದ್ದೇ ಇದೆ. ಆಗ ಒಂದು ಭಾನುವಾರ ನಾನೇ ಬಂದು ಸಂತೆಯನ್ನು ಅಳೆದು ನಕ್ಷೆಯಲ್ಲಿ ಸೇರಿಸುತ್ತೇನೆ.

“ನಿಮ್ಮ ಮಾತು?” ಎಂದರು.

“ನನ್ನ ಮಾತು.”

ಹುರಿಯನ್ನು ಮತ್ತೆ ಸುತ್ತಿ ನನ್ನ ಕಡೆ ಸರಿಸಿದರು. “ಹಂಗಾರ ಇದು ನಿಮ್ಮ ಹಂತ್ಯಾಕ ಇರ್ಲಿ. ಆವಾಗ ಬೇಕಾಗ್ತದ.”

ಠರಾವಿನ ಸಭೆಗೆ ನಾನು ಹೋಗಿದ್ದೆ. ಕೈ ಎತ್ತಿರಿ ಎಂದಾಗ ಯಾರೂ ಎತ್ತಲಿಲ್ಲ. ಎಲ್ಲರೂ ಚಾಚಾನ ಮುಖ ನೋಡಿದರು. ಚಾಚಾ ನನ್ನ ಮುಖ ನೋಡಿ ಕೈ ಎತ್ತಿದರು. ಆಮೇಲೆ ಎಲ್ಲ ಕೈಗಳೂ ಎದ್ದವು.

ವರ್ಷದೊಳಗೆ ನನಗೆ ಬಳ್ಳಾರಿ ಕಡೆಗೆ ವರ್ಗವಾಯಿತು. ಚಾರ್ಜ್ ಕೊಡುವಾಗ ಪಟ್ಟಿ ಮಾಡಿದೆ: ನಕ್ಷೆಗಳು, ಸರಪಳಿಗಳು, ಸ್ಕೇಲುಗಳು, ಮಸಿಬಾಟಲಿ ಕೂಡ. ಕೊಟ್ಟ ಮಾತನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ. ಅಂಥದಕ್ಕೆ ಆ ಪಟ್ಟಿಯಲ್ಲಿ ಕಾಲಮ್ ಇಲ್ಲ ಎಂದುಕೊಂಡೆ. ಒಂದು ಸಾಲಿನ ಟಿಪ್ಪಣಿ ಸಾಕಿತ್ತು. ಹುರಿಯ ಸುರುಳಿ ಕಚೇರಿಯ ಸಾಮಾನಲ್ಲವೆಂದು ನನ್ನ ಟ್ರಂಕಿನ ತಳ ಸೇರಿತು. ಆ ಪರಿಷ್ಕರಣೆ ನಡೆಯಲೇ ಇಲ್ಲವೆಂದು ಎಷ್ಟೋ ವರ್ಷದ ಮೇಲೆ ಕೇಳಿದೆ.

ತೊಂಬತ್ತರ ದಶಕದ ನಡುವೆ ಸಂಬಂಧಿಕರ ಮದುವೆಗೆ ಆ ಕಡೆ ಹೋಗಿದ್ದೆ. ಮರಳುವ ದಿನ ಭಾನುವಾರ. ದಾರಿಯಲ್ಲಿ ಚಾಚಾನ ಊರು ಬಂದಾಗ ಬಸ್ಸಿನಿಂದ ಇಳಿದುಬಿಟ್ಟೆ. ಬಯಲಿನ ಸುತ್ತ ಕಂಪೌಂಡು ಗೋಡೆ, ಒಳಗೆ ಕ್ವಾರ್ಟರ್ಸ್. ಅರ್ಧಕ್ಕರ್ಧ ಮನೆಗಳಿಗೆ ಬೀಗ. ನೌಕರರು ಗುಲಬರ್ಗಾದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರಂತೆ. ಸಂತೆ ಗೋಡೆಯ ಹೊರಗೆ, ಡಾಂಬರು ರಸ್ತೆಯ ಎರಡೂ ಬದಿಗೆ. ಲಾರಿ ಹಾರ್ನ್ ಹೊಡೆದಾಗಲೆಲ್ಲ ಎತ್ತುಗಳು ಹಗ್ಗ ಜಗ್ಗಿ ಗೋಡೆಗೆ ಒತ್ತುತ್ತಿದ್ದವು. ಗೂಟ ಹೊಡೆಯಲು ಅಲ್ಲಿ ಮಣ್ಣೇ ಇರಲಿಲ್ಲ. ಜನ ಎತ್ತುಗಳನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

ಚಾಚಾ ಗೋಡೆಗೆ ಒರಗಿ ಕುಳಿತಿದ್ದರು, ಬಿಸಿಲಿನಲ್ಲಿ. ಗಡ್ಡ ಪೂರ್ತಿ ಬಿಳುಪಾಗಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

“ಐತವಾರ ಬಂದ್ರಿ, ಸಾಹೇಬ್ರ,” ಎಂದು ಹಗ್ಗಗಳನ್ನು ಸರಿಸಿ ಜಾಗ ಮಾಡಿದರು. “ಕುಂದರ್ರಿ. ಚಹಾ ಹೇಳ್ತೇನಿ.”

“ತಪ್ಪಾತು, ಚಾಚಾ.”

“ನಿಮ್ಮದೇನ್ರಿ, ನೀವು ಹೋದ್ರಿ. ಕೈ ಎತ್ತಿದಾಂವ ನಾ. ಮಂದಿ ನನಗ ಕೇಳಾಕತ್ತಾರ, ಇವತ್ತಿಗೂ.” ಆಮೇಲೆ ನಕ್ಕರು. “ಆಮ್ಯಾಲಿನ ಚುನಾವಣ್ಯಾಗ ನನ್ನ ಹೆಂಡ್ತಿನೂ ನನಗ ಓಟ ಹಾಕಿಲ್ಲ ಅನಸ್ತದ.”

ನನಗೆ ನಗು ಬರಲಿಲ್ಲ. ಚಹಾ ಕುಡಿದೆವು.

“ನನ್ನ ಹುರಿ ಎಲ್ಲದ?” ಎಂದು ಕೇಳಿದರು.

“ಮನ್ಯಾಗ ಅದ.”

“ಹರದಿಲ್ಲಲ್ಲ?”

“ಇಲ್ಲ.”

“ಹರಿಯಂಗಿಲ್ಲ ಬಿಡ್ರಿ,” ಎಂದು ಗಿರಾಕಿಯ ಕಡೆ ತಿರುಗಿದರು.

ಮನೆಗೆ ಬಂದ ಮೇಲಿನ ಭಾನುವಾರ ಟ್ರಂಕಿನಿಂದ ಆ ಹುರಿ ತೆಗೆದು, ಮನೆಯ ಮುಂದಿನ ರಸ್ತೆಯುದ್ದಕ್ಕೂ ಹಾಸಿ ಟೇಪು ಹಿಡಿದು ಅಳೆದೆ. ಬಯಲಿನ ಉದ್ದ ನನಗೆ ಇನ್ನೂ ಬಾಯಿಪಾಠವಿತ್ತು. ನನ್ನ ಸರಪಳಿಗೂ ಅವರ ಹುರಿಗೂ ಒಂದು ಗೇಣಿನ ವ್ಯತ್ಯಾಸ ಬಂತು, ಅಷ್ಟೇ. ಕೆಂಪು ಬಟ್ಟೆಯ ಗಂಟು, ನನ್ನ ಅಳತೆಯಲ್ಲಿ ಬೇವಿನ ಮರ ಎಲ್ಲಿತ್ತೋ ಸರಿಯಾಗಿ ಅಲ್ಲೇ ಬಿತ್ತು. ಆ ಮರವನ್ನು ಕಡಿದಿಲ್ಲ. ಅದು ಈಗ ಗೋಡೆಯ ಒಳಗಿದೆ, ಬೀಗ ಹಾಕಿದ ಒಂದು ಮನೆಯ ಹಿಂದೆ.